ಅತುಲನ ಚುಕ್ಕೆ ಧೋತರ

ಗಡಹಿಂಗ್ಲಜದಲ್ಲಿ ಆಷಾಢದ ಮಳೆ ಕೂತಿತೆಂದರೆ ಅರಿವೆ ಒಗೆಯುವುದಷ್ಟೇ ಮನುಷ್ಯರ ಕೈಯಲ್ಲಿರುತ್ತದೆ, ಒಣಗಿಸುವುದು ಇರುವುದಿಲ್ಲ. ಬೇರೆ ವರ್ಷವಾಗಿದ್ದರೆ ಛಾಯಾ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅರ್ಧ ಒಣಗಿದ ಅಂಗಿಯನ್ನು ಗಂಡನ ಕೈಗೆ ಕೊಟ್ಟು, "ಉಳದರ್ಧ ಮೈಮ್ಯಾಲ ಒಣಗತೈತಿ, ಹೋಗ್ರಿ" ಎಂದು ಅಂಗಡಿಗೆ ಕಳಿಸಿಬಿಡುತ್ತಿದ್ದಳು. ಆದರೆ ಈ ಸಲ ಬಸದಿಗೆ ಚಾತುರ್ಮಾಸಕ್ಕೆಂದು ದಿಗಂಬರ ಮುನಿ ಮಹಾರಾಜರು ಬಂದಿಳಿದಿದ್ದರು. ಬಸದಿ ಗಲ್ಲಿಯ ಹದಿನಾಲ್ಕು ಮನೆಗಳ ನಿದ್ದೆ ಹಾರಿಹೋಗಿತ್ತು.

ಮಹಾರಾಜರದು ದಿನಕ್ಕೆ ಒಂದೇ ಹೊತ್ತಿನ ಆಹಾರ. ಅದೂ ನಿಂತುಕೊಂಡು, ಅಂಗೈಯಲ್ಲಿ. ಯಾರ ಮನೆಗೆ ಬರುತ್ತೇನೆಂದು ಹೇಳುವ ಪದ್ಧತಿಯಿಲ್ಲ. ಬೆಳಿಗ್ಗೆ ಬಸದಿಯಿಂದ ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ವಿಧಿ ಹಿಡಿಯುತ್ತಾರೆ. ಕೈಯಲ್ಲಿ ತೆಂಗಿನಕಾಯಿ ಹಿಡಿದವರು ಕಂಡರೆ ನಿಲ್ಲುವುದು, ಇಲ್ಲವೇ ಎರಡು ಕಲಶ ಕಂಡರೆ ನಿಲ್ಲುವುದು, ಹೀಗೆ ಏನಾದರೊಂದು. ಅದು ಅವರಿಗೊಬ್ಬರಿಗೇ ಗೊತ್ತು. ಆ ಗುರುತು ಕಂಡ ಬಾಗಿಲಲ್ಲಿ ನಿಲ್ಲುತ್ತಾರೆ, ಎಲ್ಲಿಯೂ ಕಾಣದಿದ್ದರೆ ಉಪವಾಸವೇ ತಿರುಗಿ ಹೋಗುತ್ತಾರೆ. ಹಾಗಾಗಿ ದಿನವೂ ಎಲ್ಲ ಮನೆಗಳಲ್ಲಿ ಅಡುಗೆ ಆಗಬೇಕು, ಎಲ್ಲ ಬಾಗಿಲಲ್ಲಿ ಗಂಡ ಹೆಂಡತಿ ಕಾಯುತ್ತ ನಿಲ್ಲಬೇಕು. ಹಾಗೆ ನಿಲ್ಲುವವರು ಉಟ್ಟದ್ದು ಮಡಿಯಾಗಿರಬೇಕು.

ಕಷ್ಟವಿದ್ದದ್ದು ಈ ಮಡಿಯಲ್ಲಿ. ಬಾವಿಯ ಸೋಸಿದ ನೀರಿನಲ್ಲಿ ಒಗೆದು, ಯಾರೂ ಮುಟ್ಟದಂತೆ ಒಣಹಾಕಿ, ಜಳಕ ಮಾಡಿದವರೇ ತೆಗೆದು ಉಡಬೇಕು. ನಡುವೆ ಯಾರ ಕೈ ತಾಗಿದರೂ ಹೋಯಿತು. ಬೇರೆಯವರದೇ ಆಗಬೇಕೆಂದಿಲ್ಲ, ಜಳಕವಾಗದ ಛಾಯಾಳ ಕೈ ತಾಗಿದರೂ ಹೋಯಿತು. ಒದ್ದೆಯದನ್ನು ಉಟ್ಟುಕೊಂಡು ನಿಲ್ಲುವ ಹಾಗೂ ಇರಲಿಲ್ಲ. ಈ ಕಾನೂನೆಲ್ಲ ಬಾಯಿಪಾಠವಿದ್ದದ್ದು ಅತ್ತೆ ಜಿನ್ನವ್ವನಿಗೆ. ಎಂಬತ್ತೊಂದರ ಜಿನ್ನವ್ವ ಪಡಸಾಲೆಯ ಮಂಚದ ಮೇಲೆ ಕೂತಲ್ಲಿಂದಲೇ ಹಿತ್ತಲಿನ ತಂತಿಯವರೆಗೆ ಕಣ್ಣಿಟ್ಟಿರುತ್ತಿದ್ದಳು.

"ಅತ್ಯಾರ, ಫ್ಯಾನ್ ಹಚ್ಚಿದ್ರ ನಡೀತೈತೇನ್ರಿ?" ಎಂದು ಮೊದಲ ದಿನವೇ ಛಾಯಾ ಕೇಳಿದ್ದಳು.

"ಫ್ಯಾನಿನ ಗಾಳಿ ಗಾಳಿನ. ನಡೀತೈತಿ."

"ಇಸ್ತ್ರಿ?"

"ಇಸ್ತ್ರಿ ಪೆಟಗಿ ನಿನ್ನಿ ಯಾರ ಚಡ್ಡಿ ಮ್ಯಾಲ ಓಡ್ಯಾಡಿತ್ತು?"

ಛಾಯಾ ಇಸ್ತ್ರಿ ಪೆಟ್ಟಿಗೆಯನ್ನು ಒಳಗಿಟ್ಟಳು. ನಿನ್ನೆ ಅದು ಅತುಲನ ಚಡ್ಡಿಯ ಮೇಲೆಯೇ ಓಡಾಡಿತ್ತು.

ಅತುಲ ಅವಳ ಗಂಡ. ಬಜಾರದಲ್ಲಿ ಪೈಪು, ನಲ್ಲಿ, ನೀರೆತ್ತುವ ಮೋಟರು ಮಾರುವ ಅಂಗಡಿ ಅವನದು. ಯಾವ ತೊಂದರೆ ಬಂದರೂ ಅದಕ್ಕೆ ಎರಡು ಇಂಚಿನ ಪೈಪು ಮತ್ತು ನಾಲ್ಕು ಬೋಲ್ಟಿನಲ್ಲಿ ಉತ್ತರವಿದೆ ಎಂದು ನಂಬಿದ ಮನುಷ್ಯ. ಹೆಂಡತಿಯ ಚಿಂತೆ ನೋಡಿ ಅವನು ಒಂದು ಭಾನುವಾರ ಪೂರ್ತಿ ಹಿತ್ತಲಿನ ತಗಡಿನ ಪತ್ರಾ ಶೆಡ್ಡಿನ ಕೆಳಗೆ ಏಣಿ ಹಾಕಿಕೊಂಡು ಕೆಲಸ ಮಾಡಿದ. ಸಂಜೆಗೆ ನೋಡಿದರೆ ಒಂದರ ಮೇಲೊಂದು ಎರಡು ತಂತಿ. ಮೇಲಿನ ತಂತಿಯನ್ನು ಬಾವಿಯ ಗಡಗಡಿಯಂಥ ಸಣ್ಣ ಗಾಲಿಗಳಿಂದ ಇಳಿಸಬಹುದು, ಅರಿವೆ ಹಾಕಿ ಹಗ್ಗ ಜಗ್ಗಿದರೆ ಪತ್ರಾದ ಹತ್ತಿರ ಏರಿ ಕೂರುತ್ತದೆ. ಅಲ್ಲಿ ಬೆಕ್ಕೂ ಮುಟ್ಟಲಾರದು.

"ಎರಡ ಮಜಲಿ ವ್ಯವಸ್ಥಾ," ಎಂದು ಅತುಲ ಕೈ ಒರೆಸಿಕೊಂಡ. "ಕೊಲ್ಲಾಪುರದಾಗೂ ಯಾರ ಮನ್ಯಾಗೂ ಇಲ್ಲ."

"ಬ್ಯಾರೇ ಕೆಲಸ ಇದ್ದವರು ಮಾಡೂದಿಲ್ಲ, ಅದಕ್ಕ ಇಲ್ಲ," ಎಂದಳು ಜಿನ್ನವ್ವ ಮಂಚದಿಂದ.

ವ್ಯವಸ್ಥೆಯೇನೋ ಚೆನ್ನಾಗಿತ್ತು. ಆದರೆ ಮಹಾರಾಜರು ಬರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಜಳಕ ಮಾಡಿ, ಕೋಲಿನಿಂದ ತಂತಿಯ ಮೇಲಿನ ಸೀರೆ ಎತ್ತಿ ಉಟ್ಟು, ಬೀಸುಕಲ್ಲಿನಲ್ಲಿ ಬೀಸಿದ ಹಿಟ್ಟಿನಿಂದ ಅಡುಗೆ ಮಾಡಿ, ಹತ್ತು ಗಂಟೆಗೆ ಬಾಗಿಲಲ್ಲಿ ನಿಂತರೆ ಮಹಾರಾಜರು ಬಲಗೈ ಬೆರಳು ಹೆಗಲಿಗಿಟ್ಟು, ನವಿಲುಗರಿಯ ಪಿಂಛಿ ಹಿಡಿದು, ಮೌನವಾಗಿ ಅವರ ಬಾಗಿಲು ದಾಟಿ ಹೋಗುತ್ತಿದ್ದರು. ಒಂದು ದಿನವಲ್ಲ, ಹತ್ತು ದಿನ ಹೀಗೇ ಆಯಿತು. ಹತ್ತು ದಿನವೂ ಆ ಅಡುಗೆಯನ್ನು ಮನೆಯವರೇ ಉಂಡರು. ಉಪ್ಪು ಖಾರ ಕಡಿಮೆಯ ಊಟದಿಂದ ಅತುಲನ ಮುಖ ಸಣ್ಣದಾಯಿತು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ನೆಗೆಣ್ಣಿ ರತ್ನಮಾಲಾಳ ಮನೆಯ ವಿಷಯ. ಅತುಲನ ಅಣ್ಣ ಬಾಬಾಸಾಹೇಬನ ಹೆಂಡತಿ ಅವಳು, ಅದೇ ಗಲ್ಲಿಯಲ್ಲಿ ಮೂರು ಮನೆ ಆಚೆ. ಹತ್ತು ದಿನದಲ್ಲಿ ಎರಡು ಸಲ ಮಹಾರಾಜರು ಅವಳ ಮನೆಯಲ್ಲಿ ನಿಂತಿದ್ದರು. ಎರಡು ಸಲವೂ ಗಲ್ಲಿಯ ವಾಟ್ಸಾಪ್ ಗುಂಪಿನಲ್ಲಿ ಹೂವಿನ ಚಿತ್ರಗಳ ನಡುವೆ ಅವಳ ಸಂದೇಶ ಬಂದಿತ್ತು.

"ಛಾಯಾ, ನಿನ್ನ ಅರಿವಿ ಛಲೋ ಒಣಗತಾವೇನ?" ಎಂದು ಅವಳು ಬಸದಿಯ ಕಟ್ಟೆಯ ಮೇಲೆ ನಾಲ್ಕು ಮಂದಿಗೆ ಕೇಳುವಂತೆ ವಿಚಾರಿಸಿದಳು. "ಮಡಿಯೊಳಗ ಎಲ್ಲೆರೆ ಸಣ್ಣ ಲೋಪ ಇದ್ರೂ ಮಹಾರಾಜರಿಗೆ ಗೊತ್ತಾಗತೈತಿ ನೋಡು. ನಾ ಏನ ನಿನಗ ಅನಾಕತ್ತಿಲ್ಲ, ಹಂಗ ಮಾತಿಗಿ ಹೇಳಿದೆ."

"ಹೌದ್ರಿ ಅಕ್ಕಾರ," ಎಂದಳು ಛಾಯಾ. ಮನೆಗೆ ಬಂದು ಆ ಸಿಟ್ಟನ್ನೆಲ್ಲ ಒಗೆಯುವ ಕಲ್ಲಿನ ಮೇಲೆ ತೀರಿಸಿದಳು.

ಲೋಪ ಇರಲೇ ಇಲ್ಲ ಎನ್ನಲು ಅವಳಿಗೂ ಧೈರ್ಯವಿರಲಿಲ್ಲ. ಒಮ್ಮೆ ಕರೆಂಟ್ ಮೀಟರು ನೋಡಲು ಬಂದವನು ಬಗ್ಗದೆ ತಂತಿಯ ಕೆಳಗೆ ಹಾದು, ಅವನ ತಲೆಗೆ ಸೆರಗು ತಾಗಿ, ಆ ಸೀರೆಯನ್ನು ಮತ್ತೆ ಒಗೆಯಬೇಕಾಯಿತು. ಮತ್ತೊಮ್ಮೆ ಅತುಲನೇ ಮರೆತು ಊಟದ ಕೈ ತೊಳೆದುಕೊಂಡು ಮಡಿ ಶಲ್ಯಕ್ಕೆ ಒರೆಸಿದ. ಅವತ್ತು ಜಿನ್ನವ್ವ ಆಡಿದ ಮಾತುಗಳಲ್ಲಿ ವಚನಶುದ್ಧಿ ಸ್ವಲ್ಪವೂ ಇರಲಿಲ್ಲ.

ಹತ್ತನೆಯ ದಿನ ಇಚಲಕರಂಜಿಯಿಂದ ಅತುಲನ ಚಿಗವ್ವನ ಮಗ ಮಲ್ಲಿನಾಥ ಬಂದ. ಅಲ್ಲಿ ಅವನದು ಸೀರೆಗಳಿಗೆ ಬಣ್ಣ ಹಾಕುವ ಸಣ್ಣ ಕಾರಖಾನೆ. ಅತ್ತಿಗೆಗೆಂದು ಕುಂಕುಮ ಕೆಂಪಿನ ಒಂದು ನೂಲಿನ ಸೀರೆ ತಂದಿದ್ದ.

"ವಹಿನಿ, ಇದನ್ನ ಉಟಕೊಂಡ ನಿಲ್ಲರಿ, ಮಹಾರಾಜರು ನಾಕ ಮನಿ ಆಚೆಯಿಂದನ ನೋಡತಾರ," ಎಂದ.

"ಬಣ್ಣ ಬಿಡತೈತೇನೊ?"

"ಗ್ಯಾರಂಟಿ ಐತ್ರಿ. ಪಕ್ಕಾ ಬಣ್ಣ. ಬಿಟ್ರ ನನ್ನ ಹೆಸರ ತಗಸ್ರಿ."

ಅವನು ಚಹಾ ಕುಡಿದು ಹೋದ ಮೇಲೆ ಛಾಯಾ ಸೀರೆಯನ್ನು ಬಾವಿಯ ನೀರಿನಲ್ಲಿ ಅದ್ದಿ, ಹಿಂಡಿ, ಮೇಲಿನ ತಂತಿಗೆ ಹಾಕಿ ಹಗ್ಗ ಜಗ್ಗಿದಳು. ಆಮೇಲೆ ಅತುಲ ಅವತ್ತು ಉಟ್ಟಿದ್ದ ಬಿಳಿ ಧೋತರ ಶಲ್ಯಗಳನ್ನು ಒಗೆದು ಕೊಟ್ಟಳು. ಅವನು ಅವನ್ನು ಕೆಳಗಿನ ತಂತಿಗೆ ನೀಟಾಗಿ ಹರವಿ ಕ್ಲಿಪ್ಪು ಹಾಕಿದ.

ಅವನದು ಇನ್ನೊಂದು ಜೋಡಿಯಿತ್ತು. ಹಿಂದಿನ ದಿನದಿಂದ ಶೆಡ್ಡಿನಲ್ಲಿ ಒಣಗದೆ ಮುಗ್ಗಲು ವಾಸನೆ ಹಿಡಿದಿತ್ತು. ಮೂರೂವರೆಗೆ ಮೋಡ ಹರಿದು ಸ್ವಲ್ಪ ಬಿಸಿಲು ಬಿದ್ದದ್ದೇ ತಡ, ಛಾಯಾ ಅದನ್ನು ಅಂಗಳದ ಹಗ್ಗಕ್ಕೆ ಹಾಕಿ ಬಸದಿಗೆ ಪ್ರವಚನಕ್ಕೆ ಹೋದಳು. ಅತ್ತ ಪ್ರವಚನ ಶುರುವಾಯಿತು, ಇತ್ತ ಮಳೆ ಶುರುವಾಯಿತು. ಛಾಯಾ ಎದ್ದು ಓಡುವಂತಿರಲಿಲ್ಲ, ಮೊದಲನೆಯ ಸಾಲಿನಲ್ಲೇ ಕೂತಿದ್ದಳು. ಮಹಾರಾಜರು ಅಪರಿಗ್ರಹದ ಬಗ್ಗೆ, ಅಂದರೆ ವಸ್ತುಗಳ ಮೇಲಿನ ಮೋಹ ಬಿಡುವುದರ ಬಗ್ಗೆ ಹೇಳುತ್ತಿದ್ದರು. ಅವಳಿಗೆ ಕೇಳಿಸುತ್ತಿದ್ದದ್ದು ಪತ್ರಾದ ಮೇಲಿನ ಮಳೆ ಮಾತ್ರ.

ಮನೆಗೆ ಓಡಿ ಬಂದರೆ ಅಂಗಳದ ಹಗ್ಗ ಖಾಲಿ. ಹಿತ್ತಲಿನ ಗೋಡೆಯಾಚೆಯ ಮನೆಯ ಗುರುಸಿದ್ದವ್ವ ಬಾಗಿಲಲ್ಲಿ ನಗುತ್ತ ನಿಂತಿದ್ದಳು. ಅರವತ್ತರ ಹೆಂಗಸು, ಲಿಂಗಾಯತರವಳು. ಇಪ್ಪತ್ತು ವರ್ಷದಿಂದ ಛಾಯಾಳಿಗೆ ಅಕ್ಕನೂ ಆಗಿದ್ದಳು, ಚಿಗವ್ವನಂಥ ಮಾವಶಿಯೂ ಆಗಿದ್ದಳು. ಅವಳ ಕೈಯಲ್ಲಿ ಇಸ್ತ್ರಿ ಮಾಡಿದ ಹಾಗೆ ಮಡಚಿದ ಧೋತರ, ಶಲ್ಯ.

"ಹನಿ ಬೀಳೂದರಾಗ ಓಡಿ ಬಂದ ತಗದೆ ನೋಡವ್ವಾ. ಬಂದಾಗ ಗೋಣಿಚೀಲದಂಗ ಇತ್ತು. ಕೈಲೆ ತಿಕ್ಕಿ ತಿಕ್ಕಿ ಸಾಪ ಮಾಡಿ ಮಡಚೇನಿ. ಹಿಡಿ."

ಛಾಯಾ ಧೋತರವನ್ನು ಕೈಗೆ ತೆಗೆದುಕೊಂಡಳು. ಕೈಲೆ ತಿಕ್ಕಿ ತಿಕ್ಕಿ! ಆದರೆ ಆ ನಗುಮುಖ ನೋಡಿದ ಮೇಲೆ ನಿಜ ಹೇಳುವುದು ಹೇಗೆ?

"ಭಾಳ ಛಲೋ ಮಾಡಿದ್ರಿ ಮಾವಶಿ. ಕುಂದರ್ರಿ, ಚಹಾ ಇಡ್ತೇನಿ," ಎಂದಳು.

ಪಡಸಾಲೆಯಿಂದ ಜಿನ್ನವ್ವನ ಕೆಮ್ಮು ಕೇಳಿಸಿತು. ಇಪ್ಪತ್ತೈದು ವರ್ಷದಲ್ಲಿ ಆ ಕೆಮ್ಮಿನ ಎಲ್ಲ ಅರ್ಥಗಳನ್ನೂ ಛಾಯಾ ಕಲಿತಿದ್ದಳು. ಈಗಿನದು, ಆ ಜೋಡಿ ಹೋಯಿತು ಎಂಬ ಕೆಮ್ಮು.

ಹೋದರೆ ಹೋಗಲಿ, ಕೆಳಗಿನ ತಂತಿಯ ಮೇಲೆ ಇನ್ನೊಂದು ಜೋಡಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅದರತ್ತ ಫ್ಯಾನು ತಿರುಗಿಸಿ ಇಟ್ಟು ಮಲಗಿದಳು.

ಬೆಳಿಗ್ಗೆ ಜಳಕ ಮುಗಿಸಿದ ಅತುಲ ಹಿತ್ತಲಿಗೆ ಹೋದವನು ಎಷ್ಟು ಹೊತ್ತಾದರೂ ತಿರುಗಿ ಬರಲಿಲ್ಲ. ಅಡುಗೆಮನೆಯಿಂದ ಛಾಯಾ ಕೂಗಿದಳು.

"ಏನ್ರಿ, ಉಟ್ಟಿರಿಲ್ಲೊ? ಹೊತ್ತಾತು!"

"ಛಾಯಾ," ಎಂದಿತು ಹಿತ್ತಲಿನಿಂದ ಒಂದು ಸಣ್ಣ ದನಿ. "ನೀನ ಸ್ವಲ್ಪ ಇಲ್ಲಿ ಬಾ."

ಅವಳು ಹೋಗಿ ನೋಡಿದಳು. ನಾಲ್ಕರ ಕತ್ತಲೆಯಲ್ಲಿ ಸೀರೆ ತೆಗೆದುಕೊಳ್ಳುವಾಗ ಕಾಣದಿದ್ದದ್ದು ಈಗ ಕಂಡಿತು. ಮೇಲಿನ ತಂತಿಯ ಸೀರೆ ಸಂಜೆಯಿಡೀ ತೊಟ್ಟಿಕ್ಕಿತ್ತು. ಗ್ಯಾರಂಟಿ ಬಣ್ಣ ಕೆಳಗಿನ ಬಿಳಿ ಧೋತರದ ಮೇಲೆ ಸಾಲುಸಾಲಾಗಿ ಇಳಿದು, ಹರಡಿ, ಗುಲಾಬಿ ಚುಕ್ಕೆಗಳಾಗಿ ಒಣಗಿತ್ತು. ಕೆಲವು ಬಟಾಣಿಯಷ್ಟು, ಕೆಲವು ಪುರಿಯಷ್ಟು. ಶಲ್ಯದ ಮೇಲೆ ಒಂದು ದೊಡ್ಡ ಚುಕ್ಕೆ ಬಿದ್ದು, ಅದರಿಂದ ಬಾಲ ಬೇರೆ ಬಂದಿತ್ತು. ಎಲ್ಲ ಗರಿಗರಿಯಾಗಿ ಒಣಗಿತ್ತು, ಅದೊಂದಕ್ಕೆ ಮಾತ್ರ ಕೊರತೆಯಿರಲಿಲ್ಲ.

"ಯಾರರೆ ಮ್ಯಾಲ ಸೀರಿ, ಕೆಳಗ ಬಿಳೇ ಧೋತ್ರ ಹಾಕತಾರೇನ್ರಿ?"

"ಸೀರಿ ಮ್ಯಾಲ ಹಾಕಿದಾಕಿ ಯಾರು?"

"ಎರಡ ಮಜಲಿ ಕಟ್ಟಿದವರ ಯಾರು?"

"ಬಣ್ಣ ಬಿಡೂದಿಲ್ಲ ಅಂದಾವ ಯಾರು?" ಎಂದು ಅತುಲ ಕೊನೆಗೆ ಇಚಲಕರಂಜಿಯ ಕಡೆ ಕೈ ಮಾಡಿದ. ಆ ವಿಷಯದಲ್ಲಿ ಇಬ್ಬರಿಗೂ ಒಮ್ಮತವಾಯಿತು.

ಬೇರೆ ಧೋತರವಿಲ್ಲ. ಹೊಸದನ್ನು ಒಗೆದು ಒಣಗಿಸಲು ಹೊತ್ತಿಲ್ಲ. ಹಾಗಾದರೆ ಇವತ್ತು ನಿಲ್ಲುವುದೇ ಬೇಡ, ಅಣ್ಣನ ಮನೆಯಲ್ಲಿ ನಿಲ್ಲುತ್ತಾರೆ ಬಿಡು ಎಂದ ಅತುಲ. ಅಣ್ಣನ ಮನೆ ಎಂದದ್ದೇ ತಪ್ಪಾಯಿತು. ಛಾಯಾ ಸೆರಗು ಸಿಕ್ಕಿಸಿ ಜಿನ್ನವ್ವನ ಮಂಚದ ಮುಂದೆ ಹೋಗಿ ನಿಂತಳು.

"ಅತ್ಯಾರ, ಬಣ್ಣ ಬಿದ್ದ ಮಡಿ ನಡೀತೈತೋ ಇಲ್ಲೋ?"

ಜಿನ್ನವ್ವ ಕನ್ನಡಕ ಹಾಕಿಕೊಂಡು ಚುಕ್ಕೆ ಧೋತರ ಉಟ್ಟುಕೊಂಡು ಬಂದ ಮಗನನ್ನು ದೂರದಿಂದಲೇ ಮೇಲಿನಿಂದ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಬಾವಿ ನೀರಾಗ ಒಗದದ್ದು. ಯಾರೂ ಮುಟ್ಟಿಲ್ಲ. ಒಣಗೈತಿ. ಬಣ್ಣ ಏನ ಹೊಲಸಲ್ಲ," ಎಂದು ತೀರ್ಪು ಕೊಟ್ಟಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಬೆನ್ನು ಅಲುಗಾಡುತ್ತಿತ್ತು.

ಹತ್ತು ಗಂಟೆಗೆ ಗಲ್ಲಿಯ ಎಲ್ಲ ಬಾಗಿಲುಗಳೂ ತೆರೆದವು. ದಿನವೂ ಇದ್ದಂತೆ ಗಂಡಸರು ಎದೆಯುಬ್ಬಿಸಿ ಹೊಸ್ತಿಲ ಮುಂದೆ ನಿಂತರು, ಕೈಯಲ್ಲಿ ಕಲಶ. ಅವರ ಹೆಗಲ ಹಿಂದೆ ಹೆಂಡಂದಿರು, ಕೈಯಲ್ಲಿ ತೆಂಗಿನಕಾಯಿ ಇಲ್ಲವೆ ಬಾಳೆಹಣ್ಣು. ಛಾಯಾ ಕೆಂಪು ಸೀರೆಯುಟ್ಟು ಹೊರಬಂದಳು. ಅತುಲ ಬರಲಿಲ್ಲ.

"ಬರ್ರಿ ಹೊರಗ!"

"ಬಂದೇನಿ," ಎಂದ ಅವನು. ಬಂದದ್ದೇನೋ ನಿಜ, ಹೆಂಡತಿಯ ಬೆನ್ನ ಹಿಂದೆ ಬಂದು ನಿಂತಿದ್ದ. ಮೊಣಕಾಲು ಬಗ್ಗಿಸಿ, ಚುಕ್ಕೆಗಳೆಲ್ಲ ಸೀರೆಯ ಮರೆಗೆ ಬರುವಂತೆ ಕುಗ್ಗಿ, ಅವಳ ಹೆಗಲ ಮೇಲಿಂದ ಕಣ್ಣು ಮಾತ್ರ ಕಾಣಿಸುವಂತೆ.

"ದಿನಾ ಮುಂದ ನಿಲ್ಲತಿದ್ರಿ..."

"ಇವತ್ತ ನೀ ಇರು ಮುಂದ. ಎದುರಿನ ಮನಿ ತಾತ್ಯಾಸಾಹೇಬ ನೋಡಾಕತ್ತಾನ."

ಎದುರು ಮನೆಯ ತಾತ್ಯಾಸಾಹೇಬ ಆಗಲೇ ನೋಡಿಯಾಗಿತ್ತು. ಕಲಶ ಹಿಡಿದ ಅವನ ಕೈ ನಗುವಿಗೆ ನಡುಗಿ ನೀರು ತುಳುಕುತ್ತಿತ್ತು. ಛಾಯಾಳಿಗೆ ಅಳು ಬರುವುದೊಂದು ಬಾಕಿ. ಹನ್ನೊಂದು ದಿನ ಬೆಳಗಿನ ನಾಲ್ಕಕ್ಕೆ ಎದ್ದದ್ದು, ಇಡೀ ಗಲ್ಲಿ ನೋಡಿ ನಗುವ ಇದಕ್ಕಾಗಿಯೇ ಎನ್ನಿಸಿತು.

ಬಸದಿಯ ಕಡೆಯ ಗಲಾಟೆ ನಿಂತಿತು. ಮಹಾರಾಜರು ಬಂದರು. ಒಂದೊಂದು ಬಾಗಿಲಿನಿಂದ "ನಮೋಸ್ತು, ನಮೋಸ್ತು" ದನಿ ಏಳುತ್ತ ಹತ್ತಿರವಾಯಿತು. ರತ್ನಮಾಲಾಳ ಬಾಗಿಲು ಬಂತು. ಮಹಾರಾಜರು ಒಮ್ಮೆ ನೋಡಿ ಮುಂದೆ ನಡೆದರು. ಇನ್ನೆರಡು ಬಾಗಿಲು. ಛಾಯಾ ತೆಂಗಿನಕಾಯಿಯನ್ನು ಎತ್ತಿ ಹಿಡಿದಳು.

"ಹೇ ಸ್ವಾಮೀ, ನಮೋಸ್ತು, ನಮೋಸ್ತು, ನಮೋಸ್ತು! ಅತ್ರ ಅತ್ರ, ತಿಷ್ಠ ತಿಷ್ಠ!"

ಇಲ್ಲಿ ನಿಲ್ಲಿರಿ ಎಂಬ ಆ ಮಾತನ್ನು ಹತ್ತು ದಿನ ಹೇಳಿ ಅವಳ ಬಾಯಿಗೆ ಅಭ್ಯಾಸವಾಗಿತ್ತು. ಅವರು ದಾಟಿ ಹೋಗುವುದನ್ನು ನೋಡುವುದು ಕಣ್ಣಿಗೂ ಅಭ್ಯಾಸವಾಗಿತ್ತು. ಮಹಾರಾಜರು ದಾಟಲಿಲ್ಲ. ನಿಂತರು.

ಒಂದು ಗಳಿಗೆ ಅವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಿಂತ ಮಹಾರಾಜರಿಗೆ ಗಂಡ ಹೆಂಡತಿ ಮೂರು ಪ್ರದಕ್ಷಿಣೆ ಹಾಕಬೇಕು. "ಏನ್ರಿ, ನಡೀರಿ!" ಎಂದು ಹಿಂದೆ ಕೈಹಾಕಿ ಅತುಲನ ಶಲ್ಯ ಹಿಡಿದು ಎಳೆದಳು. ಅವನು ಹೊರಬಂದ. ಗುಲಾಬಿ ಚುಕ್ಕೆಗಳ ಧೋತರ, ಬಾಲವಿದ್ದ ಚುಕ್ಕೆಯ ಶಲ್ಯ, ಎಲ್ಲ ಗಲ್ಲಿಯ ಮುಂದೆ ಮೂರು ಸುತ್ತು ಬಂತು. ಯಾರೂ ನಗಲಿಲ್ಲ. ತಾತ್ಯಾಸಾಹೇಬನಂತೂ ಕೈ ಮುಗಿದುಬಿಟ್ಟ.

ಒಳಗೆ ಆಹಾರ ನಡೆಯಿತು. ತುತ್ತಿನಲ್ಲಿ ಒಂದು ಕೂದಲು ಕಂಡರೂ ಮಹಾರಾಜರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಛಾಯಾ ಪ್ರತಿ ತುತ್ತನ್ನೂ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅವರ ಅಂಗೈಗಿಟ್ಟಳು. ಅತುಲ ನೀರು ಬಿಟ್ಟ. ಜಿನ್ನವ್ವನೂ ಮಡಿಯುಟ್ಟು ಗೋಡೆ ಹಿಡಿದುಕೊಂಡು ಬಂದು ಒಂದು ಚಮಚ ಹಾಲು ಕೊಟ್ಟಳು. ಎಲ್ಲ ನಿರ್ವಿಘ್ನವಾಗಿ ಮುಗಿದು ಮಹಾರಾಜರು ಹೋದ ಮೇಲೆ ಛಾಯಾ ಅಡುಗೆಮನೆಯ ಕದ ಹಿಡಿದು ನಿಂತು ಸಣ್ಣ ಹುಡುಗಿಯ ಹಾಗೆ ಅತ್ತಳು. ಅತುಲ ಅವಳ ಕಣ್ಣು ಒರೆಸಲು ಶಲ್ಯ ಎತ್ತಿದ.

"ಬ್ಯಾಡ, ಮುಖಕ್ಕೂ ಬಣ್ಣ ಹತ್ತತೈತಿ," ಎಂದು ಅಳುತ್ತಲೇ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಗುರುಸಿದ್ದವ್ವನಿಗೆ ಎಲ್ಲ ಕಥೆ ಗೊತ್ತಾಗಿತ್ತು. ತಾನು ಮಡಚಿ ಕೊಟ್ಟದ್ದರಿಂದ ಆ ಧೋತರದ ಮಡಿ ಕೆಟ್ಟಿತೆಂದು ತಿಳಿದಾಗ ಅವಳು ಒಂದು ಕ್ಷಣ ಬಾಯಿಯ ಮೇಲೆ ಕೈಯಿಟ್ಟಳು. ಎರಡನೆಯ ಕ್ಷಣಕ್ಕೆ ಸೊಂಟದ ಮೇಲೆ ಕೈಯಿಟ್ಟಳು.

"ಹಂಗಾರ ನಾ ಮುಟ್ಟಲಿಲ್ಲಂದ್ರ ಅತುಲ ಬಿಳೇದು ಉಡತಿದ್ದ. ಬಿಳೇದು ಉಟ್ಟಿದ್ರ ಮಹಾರಾಜರು ಬರತಿದ್ದಿಲ್ಲ. ಪುಣ್ಯದಾಗ ನನಗೂ ಪಾಲು ಬರತೈತೆವ್ವಾ!"

ಇದೇ ಲೆಕ್ಕ ಗಲ್ಲಿಯ ತಲೆಗೂ ಹೊಳೆದಿತ್ತು. ಹತ್ತು ದಿನ ಬಿಳಿ ಧೋತರ, ಮಹಾರಾಜರು ನಿಲ್ಲಲಿಲ್ಲ. ಹನ್ನೊಂದನೆಯ ದಿನ ಚುಕ್ಕೆ ಧೋತರ, ನಿಂತರು. ವಿಧಿ ಏನೆಂದು ಇನ್ನು ಬೇರೆ ಹೇಳಬೇಕೆ? ಎರಡು ಗಂಟೆಗೆ ತಾತ್ಯಾಸಾಹೇಬನ ಹೆಂಡತಿ ಬಾಗಿಲಿಗೆ ಬಂದಳು.

"ಛಾಯಕ್ಕ, ಆ ನಿಮ್ಮ ಕೆಂಪ ಸೀರಿ ಒಂದ ತಾಸ ಕೊಡತೀರೇನ್ರಿ? ಒಗದ ನಮ್ಮ ಧೋತರದ ಮ್ಯಾಲ ಹಾಕತೇನಿ."

ಛಾಯಾ ಕೊಟ್ಟಳು. ಸೀರೆ ಅಲ್ಲಿಂದ ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಅದರ ಪಕ್ಕಕ್ಕೆ. ಸಂಜೆ ನಾಲ್ಕಕ್ಕೆ ರತ್ನಮಾಲಾ ತಾನೇ ಬಂದಳು. ಕೂತಳು, ನೀರು ಕುಡಿದಳು, ಮಳೆಯ ಬಗ್ಗೆ ಮಾತಾಡಿದಳು, ಜಿನ್ನವ್ವನ ಮಂಡಿನೋವು ವಿಚಾರಿಸಿದಳು.

"ಸೀರಿ ಏನರೆ ಮನ್ಯಾಗ ಐತೇನ?" ಎಂದಳು ಎದ್ದು ಹೊರಡುವಾಗ, ಆಗಷ್ಟೇ ನೆನಪಾದ ಹಾಗೆ.

"ಮೂರನೇ ಮನ್ಯಾಗ ಐತ್ರಿ ಅಕ್ಕಾರ. ನಿಮ್ಮ ನಂಬರು ಐದನೇದು," ಎಂದಳು ಛಾಯಾ. ಹತ್ತು ದಿನದ ಉಪ್ಪಿಲ್ಲದ ಊಟಕ್ಕೆಲ್ಲ ಆ ಒಂದು ಮಾತಿನಿಂದ ರುಚಿ ಬಂತು.

ಆದರೆ ಮೂರನೆಯ ಮನೆಯಲ್ಲೇ ಅಡಚಣೆಯಾಯಿತು. ಎರಡು ಮೂರು ಸಲ ನೀರು ಕಂಡ ಮೇಲೆ ಸೀರೆ ಬಣ್ಣ ಬಿಡುವುದನ್ನು ನಿಲ್ಲಿಸಿತು. ಎಷ್ಟು ಹಿಂಡಿದರೂ ತಿಳಿನೀರು. ಮಲ್ಲಿನಾಥನ ಗ್ಯಾರಂಟಿ ಸುಳ್ಳಾಗಿರಲಿಲ್ಲ, ಒಂದು ದಿನ ತಡವಾಗಿತ್ತು ಅಷ್ಟೆ. ಉಳಿದ ಮನೆಗಳವರು ಕುಂಕುಮ ಕದಡಿದರು, ಕೆಲವರು ಹೋಳಿಯ ಉಳಿದ ಬಣ್ಣ ಹುಡುಕಿ ತೆಗೆದರು. ಅವತ್ತು ಸಂಜೆ ಗಲ್ಲಿಯ ಪ್ರತಿ ಹಿತ್ತಲಿನಲ್ಲೂ ಗಂಡಸರು ಬಕೆಟ್ಟಿನಲ್ಲಿ ಬೆರಳದ್ದಿ ತಂತಿಯ ಮೇಲಿನ ತಮ್ಮ ತಮ್ಮ ಧೋತರಗಳಿಗೆ ಚಿಮುಕಿಸುತ್ತಿದ್ದರು. ಬಾಬಾಸಾಹೇಬ ಸಾವಧಾನದ ಮನುಷ್ಯ. ಅವನು ತಟ್ಟೆ ಇಟ್ಟು ಸುತ್ತ ಗೆರೆ ಎಳೆದು, ಎಲ್ಲ ಚುಕ್ಕೆಗಳೂ ಒಂದೇ ಅಳತೆಗೆ ಬರುವಂತೆ ಮಾಡಿಕೊಂಡ.

ಮರುದಿನ ಬೆಳಿಗ್ಗೆ ಗಲ್ಲಿ ನೋಡುವ ಹಾಗಿತ್ತು. ಹದಿಮೂರು ಬಾಗಿಲಲ್ಲಿ ಹದಿಮೂರು ಚುಕ್ಕೆ ಧೋತರಗಳು ಎದೆಯುಬ್ಬಿಸಿ ನಿಂತಿದ್ದವು. ಹಿಂದಿನ ದಿನದ ಮಾನ ಉಳಿಸಿಕೊಳ್ಳಲು ಅತುಲನೂ ಅದೇ ಧೋತರವನ್ನು ಒಗೆದು ಉಟ್ಟಿದ್ದ, ಈಗ ಮರೆಗೆ ನಿಲ್ಲುವ ಕಾರಣವಿಲ್ಲದ್ದರಿಂದ ಎಲ್ಲರಿಗಿಂತ ಮುಂದೆ ನಿಂತಿದ್ದ. ಕೊನೆಯ ಮನೆಯ ಕಾಕಾಸಾಹೇಬನದು ಮಾತ್ರ ಅಚ್ಚ ಬಿಳಿ. ಎಪ್ಪತ್ತಾರರ ಕಾಕಾಸಾಹೇಬನಿಗೆ ಮೊಬೈಲ್ ಇರಲಿಲ್ಲ, ಕಿವಿಯೂ ಮಂದ. ಗಂಡ ಹೆಂಡತಿ ಇಬ್ಬರೂ ಹಿಂದಿನ ದಿನ ಹನ್ನೊಂದಕ್ಕೇ ಕಣ್ಣು ತೋರಿಸಲು ಕೊಲ್ಲಾಪುರಕ್ಕೆ ಹೋಗಿ ಸಂಜೆಯ ಎಸ್‌ಟಿ ಬಸ್ಸಿಗೆ ಬಂದಿದ್ದರು. ಗಲ್ಲಿಯ ಗಂಡಸರನ್ನು ನೋಡಿ ಅವನು ಹೆಂಡತಿಯ ಕಡೆ ತಿರುಗಿ, "ನನಗ ಡಾಕ್ಟರ ಹಾಕಿದ ಔಷಧದ್ದ ದೋಷನೋ ಏನ ಎಲ್ಲಾರಿಗೂ ದಡಾರ ಎದ್ದೈತೋ?" ಎಂದು ದೊಡ್ಡ ದನಿಯಲ್ಲೇ ಕೇಳಿದ.

ಮಹಾರಾಜರು ಬಂದರು. ಮೊದಲ ಬಾಗಿಲು, ಎರಡನೆಯದು, ಮೂರನೆಯದು. ಚುಕ್ಕೆ, ಚುಕ್ಕೆ, ಚುಕ್ಕೆ. ನಡೆಯುತ್ತ ನಡೆಯುತ್ತ ಅವರ ಹೆಜ್ಜೆ ಒಂದಿಷ್ಟು ನಿಧಾನವಾದದ್ದನ್ನು ಛಾಯಾ ನೋಡಿದಳು. ಹದಿಮೂರು ಮನೆ ದಾಟಿ ಅವರು ಕಾಕಾಸಾಹೇಬನ ಮುಂದೆ ನಿಂತರು.

"ಇವತ್ತಿನ ವಿಧಿ ಬಿಳೇ ಧೋತ್ರ!" ಎಂದು ರತ್ನಮಾಲಾ ಹಲ್ಲು ಕಚ್ಚಿದಳು. "ಅಯ್ಯ, ಮನಿತುಂಬ ಬಿಳೇವ ಇದ್ದೂವಲ್ಲ!"

ಅವತ್ತಿನ ಮಧ್ಯಾಹ್ನದ ಪ್ರವಚನಕ್ಕೆ ಗಲ್ಲಿಯೆಲ್ಲ ತಲೆ ತಗ್ಗಿಸಿ ಕೂತಿತ್ತು. ಮಹಾರಾಜರು ಸಾಲುಸಾಲಾಗಿ ಎಲ್ಲರನ್ನೂ ನೋಡಿದರು. ಆಮೇಲೆ ಸಣ್ಣಗೆ ನಕ್ಕರು.

"ನಾ ಅರಿವಿ ಬಿಟ್ಟ ಇಪ್ಪತ್ತೇಳ ವರ್ಷ ಆತು," ಎಂದರು. "ಒಗಿಯೂದು ಇಲ್ಲ, ಒಣಾ ಹಾಕೂದು ಇಲ್ಲ ಅಂತ ಆರಾಮ ಇದ್ದೆ. ನೀವು ಇವತ್ತ ಗಲ್ಲಿ ತುಂಬ ಅರಿವಿ ಅಂಗಡಿ ತಗದ ನನ್ನ ಮುಂದ ನಿಂತೀರಿ. ನಾ ಹೊಟ್ಟಿಗೆ ಬಂದೇನೋ, ಖರೀದಿಗೆ ಬಂದೇನೋ ನನಗ ತಿಳೀಲಿಲ್ಲ."

ಮೊದಲು ಮಕ್ಕಳು ನಕ್ಕರು, ಆಮೇಲೆ ಹೆಂಗಸರು. ಗಂಡಸರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಗ ಹಿಂದಿನ ಸಾಲಿನಿಂದ ಕಾಕಾಸಾಹೇಬ ಎದ್ದು ನಿಂತ. ವಿಷಯ ಪೂರ್ತಿ ಅವನ ಕಿವಿಗೆ ಬಿದ್ದಿರಲಿಲ್ಲ, ಅದಕ್ಕೇ ಧೈರ್ಯವಿತ್ತು.

"ಮಹಾರಾಜ, ಆ ಅತುಲನ ಮನಿ ದಿವಸದ ವಿಧಿ ಏನಿತ್ರಿ? ಎಲ್ಲಾರೂ ಅದನ್ನ ಕೇಳಾಕತ್ತಾರ."

"ಅದಾ?" ಎಂದರು ಮಹಾರಾಜರು. "ಬಾಗಲದಾಗ ಗಂಡ ಹೆಂಡತಿ ಇರಬೇಕು. ಹೆಂಡತಿ ಮುಂದ, ಗಂಡ ಹಿಂದ. ಇಷ್ಟ. ಆ ವಿಧಿ ಹಿಡದ ಹೊಂಟಾಗ ಇವತ್ತ ಉಪವಾಸನ ಅಂತ ತಿಳದಿದ್ದೆ. ನಿಮ್ಮ ಗಲ್ಲ್ಯಾಗ ಗಂಡಸರು ಎಂದೂ ಹಿಂದ ನಿಂತದ್ದು ನಾ ನೋಡಿದ್ದಿಲ್ಲ."

ಬಸದಿಯ ಮಂಟಪ ನಗೆಯಿಂದ ತುಂಬಿಹೋಯಿತು. ಛಾಯಾ ನಗಲಿಲ್ಲ, ತಿರುಗಿ ಗಂಡಸರ ಸಾಲಿನಲ್ಲಿ ಅತುಲನನ್ನು ಹುಡುಕಿದಳು. ಅವನು ತಲೆ ಕೆರೆದುಕೊಳ್ಳುತ್ತಿದ್ದ. ಚುಕ್ಕೆಯೂ ಅಲ್ಲ, ಎರಡು ಮಜಲಿನ ತಂತಿಯೂ ಅಲ್ಲ, ತಾನು ನಾಚಿಕೆಯಿಂದ ಹೆಂಡತಿಯ ಹಿಂದೆ ಅಡಗಿದ್ದಕ್ಕೆ ಮಹಾರಾಜರು ಬಂದದ್ದು ಎಂಬುದನ್ನು ಒಳಗೆ ಇಳಿಸಿಕೊಳ್ಳಲು ಅವನಿಗೆ ಕಷ್ಟವಾಗುತ್ತಿತ್ತು.

ವಿಧಿ ದಿನದಿನವೂ ಬದಲಾಗುತ್ತದೆ, ಒಮ್ಮೆ ಹಿಡಿದದ್ದು ಮರುದಿನ ಇರುವುದಿಲ್ಲ ಎಂದು ಮಹಾರಾಜರು ಬಿಡಿಸಿ ಬಿಡಿಸಿ ಹೇಳಿ ಪ್ರವಚನ ಮುಗಿಸಿದರು. ಎಲ್ಲರೂ ಹೌದೌದೆಂದು ತಲೆಯಾಡಿಸಿ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ನೋಡಿದರೆ ಹದಿನಾಲ್ಕು ಬಾಗಿಲಲ್ಲೂ ಹೆಂಡಂದಿರು ಮುಂದೆ, ಗಂಡಂದಿರು ಹಿಂದೆ. ಧೋತರಗಳೆಲ್ಲ ಬಿಳಿ. ಬಾಬಾಸಾಹೇಬ ಆರಡಿ ಎತ್ತರದ ಮನುಷ್ಯ, ರತ್ನಮಾಲಾ ಅವನ ಎದೆಯವರೆಗೂ ಬಾರಳು. ಅವಳ ಹಿಂದೆ ಅವನು ಚಿಕ್ಕ ಗಿಡದ ಹಿಂದೆ ಕಟ್ಟಿದ ಎತ್ತಿನ ಹಾಗೆ ನಿಂತಿದ್ದ.

ಮಳೆ ಅವತ್ತು ಬಿಟ್ಟಿತ್ತು. ಮಹಾರಾಜರು ಬಸದಿಯ ಮೆಟ್ಟಿಲಿಳಿದರು. ಗಲ್ಲಿಯ ಬಾಯಿಗೆ ಬಂದು ಒಮ್ಮೆ ಈ ಸಾಲನ್ನು ಕಣ್ಣಾಡಿಸಿ ನೋಡಿದರು. ಆಮೇಲೆ ಬಲಕ್ಕೆ ತಿರುಗಿ, ಇನ್ನೂ ಕೆಲವು ಜೈನ ಮನೆಗಳಿದ್ದ ನದಿಯ ಕಡೆಯ ಓಣಿಗೆ ನಡೆದುಹೋದರು.

ಹದಿನಾಲ್ಕು ಬಾಗಿಲುಗಳಲ್ಲೂ ಕತ್ತುಗಳು ಆ ಕಡೆ ಹೊರಳಿದವು. ಆಮೇಲೆ ತಾತ್ಯಾಸಾಹೇಬನ ಹೆಂಡತಿ ಕಿಸಕ್ಕೆಂದಳು. ಅದು ಪಕ್ಕದ ಬಾಗಿಲಿಗೆ ಹತ್ತಿತು, ಅಲ್ಲಿಂದ ಮುಂದಿನದಕ್ಕೆ. ಎರಡು ವಾರದಿಂದ ನಾಲ್ಕು ಗಂಟೆಗೆ ಎದ್ದು ಬೀಸಿ, ಒಗೆದು, ಕಾದು ಸೋತ ಹೆಂಗಸರೆಲ್ಲ ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡೇ ನಗತೊಡಗಿದರು. ರತ್ನಮಾಲಾ ಮೂರು ಬಾಗಿಲಿನಾಚೆಯಿಂದ ಛಾಯಾಳ ಕಡೆ ನೋಡಿದಳು. ನೋಡಿ ಅವಳೂ ಸೆರಗು ಬಾಯಿಗಿಟ್ಟುಕೊಂಡಳು.

ಬೆನ್ನ ಹಿಂದೆ ಅತುಲ ಕಾಲು ಬದಲಿಸಿದ.

"ಈಗ ಮುಂದ ಬರಲೇನ?" ಎಂದು ಮೆಲ್ಲಗೆ ಕೇಳಿದ.

ಗಲ್ಲಿಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಹೊಸ್ತಿಲ ಮುಂದಿನ ಜಾಗದಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು, ಬಸದಿಯ ಕಳಸದಿಂದ ಹಿಡಿದು ಕಾಕಾಸಾಹೇಬನ ಬಾಗಿಲಿನವರೆಗೆ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಛಾಯಾ ಈ ಜಾಗದಲ್ಲಿ ನಿಂತು ನೋಡಿದ್ದು ಕಡಿಮೆ.

"ನಿಲ್ಲರಿ ಹಂಗ," ಎಂದಳು ಅವಳು ತಿರುಗದೆ. "ಏನ ಅವಸರ ಐತಿ?"